ಸಿಕ್ಕಿದರೆ ಹೇಳಿ

ಮೀನಿನ ಬಗ್ಗೆ ನನಗೆ ಹೆಚ್ಚೇನೂ ತಿಳಿಯದು. ಜಪಾನಿ ಭಾಷೆಯೂ ಸಂಜೆ ತರಗತಿಯಲ್ಲಿ ಕಲಿತಷ್ಟೇ. ನನ್ನಂಥವರು ಈ ಕಥೆ ಹೇಳಬಾರದಿತ್ತೇನೋ. ಹೇಳಲು ಹೊರಟಿದ್ದೇನೆ, ಓದುವವರು ಕ್ಷಮಿಸಬೇಕು.

ಮರೆತುಬಂದ ಕೈಗವಸಿಗಾಗಿ ನೀರಜಾ ನದಿಯ ಬಳಿಗೆ ಹಿಂತಿರುಗಿದಾಗ ಕುಮಗಾಯ್ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಮೀನು ತಡೆಯಲು ನದಿಗೆ ಅಡ್ಡ ಕಟ್ಟಿದ ಬೇಲಿಯ ಈಚೆಗಲ್ಲ, ಆಚೆಗೆ. ಕೈಯಲ್ಲಿ ಬಲೆ, ಬಲೆಯಲ್ಲಿ ತೋಳುದ್ದದ ಸಾಲ್ಮನ್. ಆತ ಬಲೆಯನ್ನು ಮೆಲ್ಲಗೆ ನೀರಿಗಿಳಿಸಿ ವಾಲಿಸಿದ. ಜಾರಿಹೋಗುವ ಮುನ್ನ ಮೀನಿನ ಬೆನ್ನು ಬಿಸಿಲಿಗೆ ಹೊಳೆಯಿತು. ಬಾಲದ ಹತ್ತಿರ ಇರಬೇಕಾದ ಪುಟ್ಟ ರೆಕ್ಕೆ ಇರಲಿಲ್ಲ.

ಅದು ಆಕೆಯ ಮೀನು.

"ಕುಮಗಾಯ್ ಸಾನ್!"

ಆತ ತಿರುಗಿದ. ಬೆಚ್ಚಲಿಲ್ಲ. ಆಕೆಯನ್ನು ನೋಡಿ ನಕ್ಕು, ತಲೆ ಬಾಗಿಸಿದ. ನೀರಜಾಗೆ ಸಹಿಸಲಾಗದೆ ಹೋದದ್ದು ಆ ನಗು.

2011ರ ಮಾರ್ಚ್ ಮೊದಲ ವಾರ ನದಿ ದಡದ ಈ ಮೀನುಮರಿ ಕೇಂದ್ರದವರು ಒಂದಿಷ್ಟು ಸಾಲ್ಮನ್ ಮರಿಗಳ ಬೆನ್ನಿನ ಆ ರೆಕ್ಕೆ ಕತ್ತರಿಸಿ, ಗುರುತು ಮಾಡಿ, ಕಡಲಿನ ಕಡೆಗೆ ಕಳಿಸಿದ್ದರು. ಕತ್ತರಿ ಹಿಡಿದವರಲ್ಲಿ ಕುಮಗಾಯ್ ಕೂಡ ಒಬ್ಬ. ಅದೇ ತಿಂಗಳ ಸುನಾಮಿಯಲ್ಲಿ ಕಡಲೇ ನದಿಯೊಳಗೆ ನುಗ್ಗಿ ಬಂದು ಕೇಂದ್ರವನ್ನು ಕೊಚ್ಚಿಕೊಂಡು ಹೋಯಿತು. ಈಗಿರುವುದು ಹೊಸ ಕಟ್ಟಡ.

ಸಾಲ್ಮನ್ ಕಡಲಿನಲ್ಲಿ ಬೆಳೆದು ನಾಲ್ಕನೇ ವರ್ಷಕ್ಕೆ ಹುಟ್ಟಿದ ನದಿಗೇ ಮರಳುತ್ತದೆ. ಆ ಮರಿಗಳಲ್ಲಿ ಯಾವುದಾದರೂ ಬದುಕಿತೇ? ಮೈಸೂರಿನ ನೀರಜಾಳ ಸಂಶೋಧನೆ ನಿಂತಿದ್ದು ಈ ಒಂದು ಪ್ರಶ್ನೆಯ ಮೇಲೆ. 2014ರ ಚಳಿಗಾಲದೊಳಗೆ ಗುರುತಿನ ಮೀನು ಒಂದಾದರೂ ಕೈಗೆ ಸಿಗದಿದ್ದರೆ ವಿಶ್ವವಿದ್ಯಾಲಯ ಕೆಲಸವನ್ನೇ ನಿಲ್ಲಿಸಲಿತ್ತು. ಗಂಡ ಶ್ರೀಹರಿ ಮತ್ತು ಜಪಾನಿ ಶಾಲೆಗೆ ಹೋಗುತ್ತಿದ್ದ ಮಗಳು ಅನುವನ್ನು ಯೋಕೋಹಾಮಾದಲ್ಲಿ ಬಿಟ್ಟು ಆಕೆ ಈ ಚಳಿಗೆ ಬಂದದ್ದು ಅದಕ್ಕೇ.

ಬೇಲಿಯ ಬೋನಿನಿಂದ ಮೀನು ತೆಗೆಯುವುದು ಕುಮಗಾಯ್ ಕೆಲಸ. ಮೊದಲ ದಿನವೇ ನೀರಜಾ ಆತನನ್ನು ಕಂಡಿದ್ದಳು. ಆಡಬೇಕಾದ ಮಾತನ್ನು ರೈಲಿನಲ್ಲಿ ಕುಳಿತು ಉರು ಹೊಡೆದಿದ್ದಳು. ರೆಕ್ಕೆ ಇಲ್ಲದ ಮೀನು ಸಿಕ್ಕಿದ ಕೂಡಲೇ 'ಹನಾಶಿತೆ ಕುದಸಾಯ್'. ದಯವಿಟ್ಟು ಹೇಳಿ.

ಆತ ಕೈಯಲ್ಲಿದ್ದ ಬಲೆ ಕೆಳಗಿಟ್ಟ. "ಸಿಕ್ಕಿದ ಕೂಡಲೇ?"

"ಕೂಡಲೇ. ಒಂದನ್ನೂ ತಪ್ಪಿಸಬೇಡಿ."

"ನಿಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಅಲ್ಲವೇ?"

"ಇಲ್ಲ. ನಮ್ಮಲ್ಲಿ ಯಾರೂ ತಿನ್ನುವುದಿಲ್ಲ."

ಆತ ನದಿಯತ್ತ ತಿರುಗಿದ. ಆಮೇಲೆ ಸೊಂಟದವರೆಗೆ ಬಾಗಿ "ಅರಿಗಾತೋ" ಎಂದ. ಉಪಕಾರ ಕೇಳಿದವಳು ತಾನು, ಧನ್ಯವಾದ ಹೇಳುವವನು ಆತ! ಈ ದೇಶದ ಮರ್ಯಾದೆಯೇ ಹೀಗೆ ಎಂದುಕೊಂಡಳು.

ಅಂದಿನಿಂದ ಸಂಜೆ ಮನೆಗೆ ಹೊರಡುವಾಗ ಆತ ಕೆಲವೊಮ್ಮೆ ದೂರದಿಂದಲೇ ಎರಡು ಬೆರಳು ಎತ್ತಿ ತೋರಿಸುತ್ತಿದ್ದ. ಫೋಟೋಗೆ ನಿಂತಾಗ ಇಲ್ಲಿ ಎಲ್ಲರೂ ಎತ್ತುತ್ತಾರಲ್ಲ, ಹಾಗೆ. ಪ್ರಯೋಗಾಲಯದ ಕಿಟಕಿಯಿಂದ ನೀರಜಾಳೂ ನಕ್ಕು ಎರಡು ಬೆರಳು ಎತ್ತುತ್ತಿದ್ದಳು. ಆಕೆಯ ಮೇಜಿಗೆ ಬಂದ ಮೀನುಗಳಲ್ಲಿ ಗುರುತಿನದು ಒಂದೂ ಇರುತ್ತಿರಲಿಲ್ಲ.

ಈಗ ಕಾರಣ ಕಣ್ಣಾರೆ ಕಂಡಿತ್ತು. ನದಿ ದಂಡೆಯಿಂದಲೇ ಶ್ರೀಹರಿಗೆ ಫೋನ್ ಮಾಡಿದಳು.

"ಮುದುಕ ಕೈ ಕೊಟ್ಟ ಕಣೋ. ಟೋಟಲ್ ಚೀಟಿಂಗ್. ನದೀಲಿ ಮೇಲ್ಗಡೆ ಯಾರೋ ನಿಂತ್ಕೊಂಡು ಹಿಡೀತಿರ್ಬೇಕು, ಮೊಟ್ಟೆ ಮಾರೋದಕ್ಕೆ."

"ಕೇಳಿ ನೋಡಿದ್ಯಾ?"

"ಏನಂತ ಕೇಳ್ಲಿ? ಬಾಯಿ ಬಿಡ್ಬೇಕಾದೋನು ಮೀನು ಬಿಟ್ಟಿದಾನೆ!"

"ಡೈಲಾಗ್ ಚೆನ್ನಾಗಿದೆ."

"ಜೋಕ್ ಮಾಡ್ಬೇಡ ಶ್ರೀ. ನಂಬಿದ್ದೆ ಅವನನ್ನ. ದಿನಾ ಟೀ ತಂದು ಕೊಡ್ತಿದ್ದ ಗೊತ್ತಾ?"

ಕೇಂದ್ರದ ಮುಖ್ಯಸ್ಥನಿಗೆ ದೂರು ಹೋಯಿತು. ಕುಮಗಾಯ್ ಒದ್ದೆ ಬೂಟಿನಲ್ಲೇ ಕೋಣೆಯೊಳಗೆ ಬಂದು ನಿಂತ.

"ಮೀನು ಬಿಟ್ಟದ್ದು ನಿಜವೇ?"

"ನಿಜ."

"ಬಿಡಲು ಯಾರು ಹೇಳಿದ್ದು ನಿಮಗೆ?"

ಆತ ಒಮ್ಮೆ ನೀರಜಾಳತ್ತ ನೋಡಿದ. ಆಕೆ ಮುಖ ತಿರುಗಿಸಿದಳು. ಇನ್ನೂ ದಯೆ ಬೇಡುತ್ತಾನಲ್ಲ ಎಂದು ಮೈ ಉರಿಯಿತು.

"ಸುಮಿಮಾಸೆನ್, ಕ್ಷಮಿಸಿ," ಎಂದ ಕುಮಗಾಯ್. "ತಪ್ಪು ನನ್ನದೇ."

ಮರುದಿನದಿಂದ ಕೆಲಸಕ್ಕೆ ಬರುವುದು ಬೇಡವೆಂದರು. ಬೂಟು ತೊಳೆದು ಗೋಡೆಗೆ ಒರಗಿಸಿ ಆತ ಹೊರಟ. ಕಿಟಕಿಯ ಕೆಳಗೆ ಹಾದುಹೋಗುವಾಗ ಅವತ್ತು ಬೆರಳು ಎತ್ತಲಿಲ್ಲ.

ಆಮೇಲೆ ಗುರುತಿನ ಮೀನು ಬರಲೇ ಇಲ್ಲ. ಬರಬೇಕಾದವು ಬಂದು ಹೋಗಿದ್ದವು. ಸಂಶೋಧನೆ ನಿಂತಿತು.

ಯೋಕೋಹಾಮಾ ಸ್ಟೇಷನ್ನಿನಲ್ಲಿ ಶ್ರೀಹರಿ, ಅನು ಇಬ್ಬರೂ ಬಂದಿದ್ದರು. ಜನಜಂಗುಳಿ. ನೀರಜಾ ಮಗಳ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡು ನಡೆಯುತ್ತ ಕುಮಗಾಯ್ ಮಾಡಿದ ದ್ರೋಹವನ್ನು ಗಂಡನಿಗೆ ಇನ್ನೊಮ್ಮೆ ವಿವರಿಸುತ್ತಿದ್ದಳು.

"ಅಮ್ಮಾ, ಹನಾಶಿತೆ!"

"ಹೇಳ್ತೀನಿ ಪುಟ್ಟಾ, ಮನೆಗೆ ಹೋಗಿ ನಿಂಗೂ ಎಲ್ಲಾ ಹೇಳ್ತೀನಿ."

"ನೋ! ಹನಾಶಿತೆ ತೆಬಾ!"

"ಏನೇ ಹೇಳ್ಬೇಕು ನಿಂಗೆ, ಇಲ್ಲೇ ನಿಂತ್ಕೊಂಡು?"

ಅನು ಕಣ್ಣಲ್ಲಿ ನೀರು ತುಂಬಿಕೊಂಡು, ಅಮ್ಮನ ಹಿಡಿತದಲ್ಲಿ ಕೆಂಪಾಗಿದ್ದ ಕೈಯನ್ನು ಜಗ್ಗಿದಳು. "ಟಾಕ್ ಅಲ್ಲಮ್ಮಾ, ಬಿಡು! ಸೇಮ್ ಸೌಂಡ್, ಬರೆಯೋ ಅಕ್ಷರ, ಕಾಂಜಿ, ಡಿಫರೆಂಟ್. ಕೈ ಬಿಡು ನಂದು!"

ಆ ಒಂದು ಮಾತು ನಂಬಿ ಕುಮಗಾಯ್ ಎಷ್ಟು ಮೀನುಗಳನ್ನು ಬಿಟ್ಟಿದ್ದನೋ, ಮುಖ್ಯಸ್ಥನ ಕೋಣೆಯಲ್ಲಿ ನೀರಜಾಳ ಹೆಸರು ಯಾಕೆ ಹೇಳಲಿಲ್ಲವೋ, ನನಗೆ ಗೊತ್ತಿಲ್ಲ.