ಕೊಳದ ಪಕ್ಕದ ಮೇಜು

"ಅಲ್ಲ ಕಣೋ, ನಾವು ಹೋಗಿ ಕೂತ್ರೆ ಆಯಮ್ಮ ಎಲ್ಲಿರ್ತಾಳೆ?"

ವಿಶಾಲಮ್ಮನ ಪ್ರಶ್ನೆಗೆ ಮಗ ಸುಹಾಸ್ ನಕ್ಕುಬಿಟ್ಟ. ಬೆಲ್ವ್ಯೂ ಅಪಾರ್ಟ್‌ಮೆಂಟಿನ ಅಡುಗೆಕಟ್ಟೆಯ ಮೇಲೆ ಒರಗಿಸಿಟ್ಟ ಫೋನಿನ ವಿಡಿಯೋ ಕಾಲ್‌ನಲ್ಲಿ, ಇಟಲಿಯ ಮನೆಯೊಡತಿ ತನ್ನ ಗುಡ್ಡದ ಮೇಲಿನ ವಿಲ್ಲಾ ತೋರಿಸುತ್ತಿದ್ದಳು. ದೂರದಲ್ಲಿ ಹಳೇ ಕಾಲದ ಕೋಟೆ ಊರು, ಇತ್ತ ಈಜುಕೊಳ, ಅದರ ಪಕ್ಕ ಊಟದ ಮೇಜು. ಬರುವ ಮೂವರಿಗೆಂದು ಮೂರೇ ಕುರ್ಚಿ.

"ಅಮ್ಮಾ, ನಾವೇನು ನೆಂಟರಾ? ಒಂದು ವಾರಕ್ಕೆ ಬಾಡಿಗೆಗೆ ತಗೊಂಡಿದೀವಿ. ಗಂಡ ಹೋದ್ಮೇಲೆ ಅವರು ಒಬ್ರೇ ಅಂತೆ, ಹಿಂದ್ಗಡೆ ರೂಮಲ್ಲಿ ಇರ್ತಾರೆ."

"ಅವಳ ಅಂಗಳದಲ್ಲಿ ನಾವು ಉಂಡ್ಕೊಂಡು, ಅವಳು ಹಿಂದ್ಗಡೆ ಒಬ್ಳೇ ಉಣ್ಣೋದಾ? ನನಗೆ ಗಂಟಲಲ್ಲಿ ಇಳಿಯಲ್ಲಪ್ಪ."

"ಅತ್ತೆ, ಪ್ರೈವಸಿಗೆ ಅಂತಾನೇ ಈ ಮನೆ ಹುಡುಕಿದ್ದು" ಎಂದಳು ಸೊಸೆ ನಂದಿತಾ.

ವಿಶಾಲಮ್ಮ ಕೇಳಿಸಿಕೊಳ್ಳಲಿಲ್ಲ. ಫೋನನ್ನು ತಮ್ಮತ್ತ ತಿರುಗಿಸಿಕೊಂಡು ಪರದೆಯಲ್ಲಿದ್ದ ಮನೆಯೊಡತಿಯತ್ತ ಬೆರಳು ತೋರಿಸಿದರು. ಐದೂ ಬೆರಳು ಕೂಡಿಸಿ ತುತ್ತಿನಂತೆ ಬಾಯಿಗೆ ಒಯ್ದರು. ಆಮೇಲೆ, "ನಮ್ಜೊತೆ ಬಾರವ್ವ" ಎನ್ನುತ್ತ ಕೈಬೀಸಿ ಕರೆದರು.

ಆಕೆ ತನ್ನ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಪರದೆ ತುಂಬಾ ಬರೀ ಆಕಾಶ. ಕಲ್ಲುಹಾಸಿನ ಮೇಲೆ ಇನ್ನೊಂದು ಕುರ್ಚಿ ಎಳೆದು ತರುವ ಸದ್ದು ಕೇಳಿಸಿತು.