ತಾಳ ಕೇಳದ ಹೆಡ್‌ಫೋನ್

"ಫ್ಯಾನ್ ಬಂದ್ ಮಾಡು," ಎಂದ ಭಾಸ್ಕರ. ಉಸಿರು ಬಿಗಿಹಿಡಿದು, ಪ್ಲೈವುಡ್ ಬಳೆಗೆ ಎಳೆದು ಅಂಟಿಸಿದ್ದ ಪ್ಲಾಸ್ಟಿಕ್ ಫಿಲ್ಮನ್ನು ಎರಡು ತೂತುತೂತಾದ ತಾಮ್ರದ ತಗಡುಗಳ ನಡುವೆ ಇಳಿಸಿದ. ಮಗಳು ಪ್ರಣಿತಾ ಸ್ವಿಚ್ ಒತ್ತಿ ಬಂದಳು. ಮೊಟ್ಟೆಯ ಒಳಪೊರೆಗಿಂತ ತೆಳುವಾದ ಫಿಲ್ಮ್ ಅದು. ಒಂದು ಕಣ ಧೂಳು ಕೂತರೂ ಕಿವಿಯಲ್ಲಿ ಚಟಪಟ ಎನ್ನುತ್ತದೆ. ಹೊನ್ನಾವರದ ಮೇ ತಿಂಗಳ ಮಧ್ಯಾಹ್ನ. ಅಪ್ಪನ ಮೂಗಿನ ತುದಿಯ ಬೆವರು ಫಿಲ್ಮಿನ ಮೇಲೆ ಬೀಳುವ ಮೊದಲೇ ಅವಳು ವೇಲಿನ ಅಂಚಿನಿಂದ ಒರೆಸಿದಳು.

"ಅಪ್ಪ ಮಗಳ ಫಿಲ್ಮಿಗೆ ನಾ ಒಗ್ಗರಣೆನೂ ಹಾಕೂ ಹಾಂಗಿಲ್ಲ, ಹೊಗೆ ಬರ್ತದಂತೆ," ಅಡುಗೆಮನೆಯಿಂದ ಪ್ರಣಿತಾಳ ಆಯಿ ಸುಪ್ರಿಯಾ ಕೂಗಿದಳು. "ಹಸಿ ಸಾರೇ ಉಣ್ಣಿ. ಮೇಳ ನಡೆಸೂ ಮಧುಸೂದನಣ್ಣ ಬೆಳಿಗ್ಗೆ ಫೋನ್ ಮಾಡಿ ಎಂತ ಹೇಳ್ದ ಅಂತ ನೆನಪಿದ್ಯಾ? ಇವತ್ತು ಕುಮಟೆ ಆಟದಲ್ಲೂ ತಾಳ ಕಿವಿಗೆ ಚುಚ್ಚಿದ್ರೆ ನಾಳೆಯಿಂದ ಬೇರೆಯವ್ರ ಮೈಕಂತೆ."

"ಅವನ ಕಿವಿಗೆ ಎಣ್ಣೆ ಬಿಡೂಕೆ ಹೇಳು," ಎಂದ ಭಾಸ್ಕರ, ತಲೆ ಎತ್ತದೆ.

ಯಕ್ಷಗಾನ ಮೇಳಕ್ಕೆ ಮೈಕ್ ಕಟ್ಟುವವನು ಅವನು. ಅಂಗಡಿಯ ಯಾವ ಹೆಡ್‌ಫೋನಿನಲ್ಲೂ ಭಾಗವತರ ಕೈಯ ಕಂಚಿನ ತಾಳ ಸರಿಯಾಗಿ ಕೇಳುವುದಿಲ್ಲವೆಂದು ಹಟ ಹಿಡಿದು ಇದನ್ನು ಮನೆಯಲ್ಲೇ ಕಟ್ಟತೊಡಗಿದ್ದ. ಇದರಲ್ಲಿ ಅಯಸ್ಕಾಂತವಿಲ್ಲ, ತಂತಿಯ ಸುರುಳಿಯಿಲ್ಲ. ನೂರಾರು ವೋಲ್ಟಿನ ಎಳೆತದಲ್ಲಿ ಫಿಲ್ಮ್ ನಡುಗುತ್ತದೆ, ಆ ನಡುಕವೇ ಸ್ವರ. ಮದ್ದಳೆಯ ಚರ್ಮದಂತೆ ಬಿಗಿದ ಎಷ್ಟೋ ಫಿಲ್ಮುಗಳು ಈಗಾಗಲೇ ಬಿಸ್ಕತ್ತಿನ ಡಬ್ಬಿಯಲ್ಲಿ ಮುದುಡಿ ಬಿದ್ದಿದ್ದವು.

ತಿರುಪು ಬಿಗಿದು, ಹೆಡ್‌ಫೋನ್ ಏರಿಸಿ, ಹೋದ ವಾರದ ಆಟದ ರೆಕಾರ್ಡಿಂಗ್ ಹಾಕಿದ. ಕಣ್ಣು ಮುಚ್ಚಿ ಕೇಳಿದ. ಮುಖ ಮೆಲ್ಲನೆ ಗಂಟಿಕ್ಕಿತು.

"ಇದೂ ಸತ್ತದೆ. ಮದ್ದಳೆ ಬಂತು, ಭಾಗವತ್ರು ಬಂದ್ರು. ತಾಳ ಎಲ್ಲಿ? ತಗಡಿಗೆ ಬೆರಳು ತಾಗ್ಸಿದಾಂಗೆ ಕೇಳ್ತದೆ. ಉಪ್ಪು ಗಾಳಿ, ಚಾರ್ಜ್ ನಿಲ್ಲೂದೇ ಇಲ್ಲ. ನೀ ಕೇಳು."

ಪ್ರಣಿತಾ ಕೇಳಿದಳು. ಭಾಗವತರು ಪದದ ನಡುವೆ ಎಂಜಲು ನುಂಗಿದ್ದು ಕೇಳಿತು. ಎದುರು ಸಾಲಿನಲ್ಲಿ ಯಾರೋ ಎಲೆಯಡಿಕೆಯ ಪೊಟ್ಟಣ ಬಿಚ್ಚಿದ್ದು ಕೇಳಿತು. ತಾಳವಂತೂ ಬಡಿದ ಮೇಲೂ ಗಾಳಿಯಲ್ಲಿ ತಂತಿಯಂತೆ ಎಳೆದುಕೊಂಡು ಹೋಗಿ, ತುಂಬ ಹೊತ್ತಿನ ಮೇಲೆ ಆರುತ್ತಿತ್ತು. ಹಿಂದಿನ ಫಿಲ್ಮುಗಳಲ್ಲೂ ಹೀಗೇ ಕೇಳಿತ್ತು. ಪ್ರತಿ ಸಲವೂ ಅಪ್ಪನ ಮುಖ ನೋಡಿ ಅವಳು "ಹೌದಪ್ಪಾ, ಮಂಕು" ಎಂದಿದ್ದಳು. ಅವನು ಅದನ್ನು ನಂಬಿ, ತಾಳ ಎದ್ದು ಕೇಳಲೆಂದು ಮೈಕಿನ ಟ್ರೆಬಲ್ ಏರಿಸುತ್ತ ಹೋಗಿದ್ದ. ಹೋದ ವಾರ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು.

"ಕೇಳ್ತದೆ ಅಪ್ಪಾ."

"ಎಂತ ಕೇಳ್ತದೆ?"

"ತಾಳ. ಚೆಂದ ಕೇಳ್ತದೆ."

ಅವನು ನಕ್ಕ. "ನಿಂಗೆ ತಾಳ ಯಾವ್ದು, ಜಾಗಟೆ ಯಾವ್ದು ಗೊತ್ತಿದ್ಯಾ ಮಾರಾಯ್ತಿ?"

ಅವಳು ಹೆಡ್‌ಫೋನನ್ನು ಅವನ ತಲೆಗೇ ಏರಿಸಿ, ಅದರ ಆಂಪ್ಲಿಫೈಯರಿಗೆ ತನ್ನ ಮೊಬೈಲ್ ಸಿಕ್ಕಿಸಿ, ತಗ್ಗಿನ ಸ್ವರದಲ್ಲಿ ಶುರುವಾಗಿ ಏರುತ್ತ ಹೋಗುವ ಒಂದು ಸಿಳ್ಳೆಯ ಸದ್ದು ಹಾಕಿದಳು. "ಸದ್ದು ನಿಂತ ಕೂಡ್ಲೆ ಕೈ ಎತ್ತು. ಫಿಲ್ಮ್ ಎಲ್ಲಿ ಸಾಯ್ತದೆ ನೋಡ್ವ."

ಇಂಥ ಹೆಡ್‌ಫೋನಿನ ಬೆನ್ನು ಮುಚ್ಚಿರುವುದಿಲ್ಲ. ಪಕ್ಕದಲ್ಲಿ ನಿಂತವರಿಗೂ ಸದ್ದು ಸಣ್ಣಗೆ ಕೇಳುತ್ತದೆ. ಅವಳು ಕಿವಿಯನ್ನು ಅಪ್ಪನ ಕಿವಿಯ ಹತ್ತಿರ ತಂದಳು. ಸಿಳ್ಳೆ ಏರಿತು.

ಭಾಸ್ಕರ ಕೈ ಎತ್ತಿದ. "ನಿಂತು. ನಾ ಹೇಳ್ಲಿಲ್ಲಾ?"

ಸಿಳ್ಳೆ ನಿಂತಿರಲಿಲ್ಲ. ತಾಮ್ರದ ತೂತುಗಳಿಂದ ಸೊಳ್ಳೆಯಂತೆ ಹೊರಬಂದು ಅವಳ ಕೆನ್ನೆಯ ಬಳಿ ಇನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಅವನು ಕಣ್ಣು ಬಿಟ್ಟ. ಮೊಬೈಲಿನಲ್ಲಿ ಸಿಳ್ಳೆಯ ಜತೆ ಏರುತ್ತಲೇ ಇದ್ದ ಹಸಿರು ಗೆರೆಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

ಅವನು ಹೆಡ್‌ಫೋನ್ ತೆಗೆದ. ವಿದ್ಯುತ್ ಆರಿಸಿದ. ಅವಸರವಿಲ್ಲದೆ ತಿರುಪುಗಳನ್ನು ಬಿಚ್ಚಿ, ತಗಡು ಸರಿಸಿ, ಫಿಲ್ಮಿನ ನಟ್ಟನಡುವೆ ಹೆಬ್ಬೆರಳು ಊರಿದ. ಅದು ಸದ್ದೇ ಇಲ್ಲದೆ ಹರಿಯಿತು.

"ಉಪ್ಪು ಗಾಳಿ," ಎಂದ.

"ಅಪ್ಪಾ, ಇವತ್ತು ಕುಮಟೆಗೆ ನಾನೂ ಬರ್ತೆ. ಮಿಕ್ಸರ್ ಎದುರು ನೀನೇ ಕೂತ್ಕೋ. ನಾ ಹಿಂದೆ ನಿಂತ್ಕೊಳ್ತೆ, ತಾಳ ಹೆಚ್ಚಾದ್ರೆ ಬೆನ್ನಿಗೆ ಬೆರಳು ತಾಗಿಸ್ತೆ, ಹೀಂಗೆ. ಅಷ್ಟೇ. ಮಧುಸೂದನಣ್ಣಂಗೂ ಗೊತ್ತಾಗೂದಿಲ್ಲ, ಆಯಿಗೂ ಹೇಳೂದಿಲ್ಲ."

ಭಾಸ್ಕರ ಅವಳ ಬೆರಳಿನಿಂದ ಬೆನ್ನು ಸರಿಸಿಕೊಂಡ. ವ್ಯಾನಿನ ಕೀಲಿ ಕೈಗೆತ್ತಿಕೊಂಡ.

"ಬೇಡ," ಎಂದ.