ಮರಳುಗಾಡಿನ ಹೆಡೆಕಲ್ಲು

ಪ್ಯಾಂಟಿನ ಜಿಪ್ಪಿಗೆ ಹೋದ ಪ್ರಖ್ಯಾತನ ಕೈ ಅಲ್ಲೇ ನಿಂತಿತು. ತಲೆಯೆತ್ತಿದರೆ, ಒಮಾನಿನ ಎಳೆಬಿಸಿಲಲ್ಲಿ ಆ ಬಂಡೆ ಥೇಟು ಹೆಡೆ ಬಿಚ್ಚಿದ ನಾಗನ ಹಾಗೆ ಅವನನ್ನೇ ನೋಡುತ್ತಿತ್ತು.

ನಿನ್ನೆ ಸಂಜೆ ಗೆಳೆಯರೆಲ್ಲ ಟೆಂಟ್ ಹಾಕುವಾಗ ಕಾಪುವಿನ ದೇವದಾಸ ಚಪ್ಪಲಿ ಕಳಚಿ ಇದೇ ಬಂಡೆಗೆ ಕೈಮುಗಿದಿದ್ದ. "ಮರುಭೂಮಿಯಲ್ಲಿ ಎಂತ ನಾಗಬನ ಮಾರಾಯ? ನಮ್ಮ ಕಾರ್ಕಳದಲ್ಲಿ ಇಂಥದ್ದನ್ನು ಒಡೆದು ಜಲ್ಲಿ ಮಾಡುತ್ತಾರೆ," ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರಖ್ಯಾತನೇ.

ಈಗ ನೋಡಿದರೆ ಆ ಬಯಲಲ್ಲಿ ಬೇರೆ ಮರೆಯೇ ಇರಲಿಲ್ಲ, ತಡೆದುಕೊಳ್ಳುವ ಶಕ್ತಿಯೂ ಇರಲಿಲ್ಲ. ಯಾರೂ ಕಾಣುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನು ಚಪ್ಪಲಿ ಕಳಚಿದ, ಕೈಮುಗಿದ. "ತಪ್ಪಾಯಿತು ಸ್ವಾಮಿ, ತುಂಬಾ ಅರ್ಜೆಂಟ್ ಉಂಟು," ಎಂದು ಪಿಸುಗುಟ್ಟಿದ.

"ಸ್ವಲ್ಪ ಕಾಯಿ ಮಾರಾಯ," ಎಂದು ಬಂಡೆಯ ಹಿಂದಿನಿಂದ ದೇವದಾಸನ ದನಿ ಬಂತು. "ನಾನು ನಿನ್ನೆಯೇ ಅಪ್ಪಣೆ ಕೇಳಿಟ್ಟಿದ್ದೇನೆ."